‘ಸ್ವಾರಸ್ಯ ಬರೆಯಿರಿ’ ಅಂದರೆ ಏನು ಬರೆಯಬೇಕು?

ಮುಧೋಳ ಹಳಗನ್ನಡದ ಕವಿ ರನ್ನನ ಊರು. ಅಲ್ಲಿನ ಮಕ್ಕಳೂ ಹತ್ತನೇ ತರಗತಿಯಲ್ಲಿ ಎಲ್ಲರಂತೆ ಅವನ ‘ಗದಾಯುದ್ಧ’ ಕಾವ್ಯದಿಂದ ಆಯ್ದ ‘ಛಲಮನೆ ಮೆರೆವೆಂ’ ಪದ್ಯಪಾಠ ಓದುತ್ತಾ ಬಂದಿದ್ದಾರೆ. ಬಾಣಗಳ ಮೇಲೆ ಮಲಗಿದ ಭೀಷ್ಮರು ಸಂಧಿ ಮಾಡಿಕೋ ಅನ್ನುತ್ತಾರೆ. ದುರ್ಯೋಧನ ಒಪ್ಪುವುದಿಲ್ಲ. ನಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಹಾಳು ನೆಲ ಅನ್ನುತ್ತಾನೆ. ಪರೀಕ್ಷೆಯಲ್ಲಿ ಏನು ಕೇಳುತ್ತಾರೆ? ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭ, ಸ್ವಾರಸ್ಯ ಬರೆಯಿರಿ. ಮಕ್ಕಳು ಕೊನೆಯ ಸಾಲಿಗೆ ‘ಎಂಬುದು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಅಂತ ಸೇರಿಸುತ್ತಾರೆ. ಆ ಸ್ವಾರಸ್ಯ ಯಾವುದು ಅಂತ ಮಾತ್ರ ಎಲ್ಲೂ ಇರುವುದಿಲ್ಲ. ನಾನೂ ಹಾಗೇ ಬರೆದು ಪೂರ್ತಿ ಅಂಕ ತಗೊಂಡವನು.

ಈ ಸೀಮೆಯ ಜನಕ್ಕೆ ಪುರಾಣವನ್ನು ಕೆದಕಿ ಕೇಳುವುದು ಬರುತ್ತಿರಲಿಲ್ಲ ಅಂತಲ್ಲ. ರಾತ್ರಿಯಿಡೀ ಕೇಳುತ್ತಿದ್ದರು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜಾತ್ರೆಗಳಲ್ಲಿ ಹರದೇಶಿ, ನಾಗೇಶಿ ಮೇಳಗಳು ಎದುರುಬದುರು ನಿಂತು ಗೀಗೀ ಪದ ಹಾಡುತ್ತವೆ. ಡಪ್ಪು, ತುಂತುಣಿ, ತಾಳ, ಇಷ್ಟೇ ಸಾಮಾನು. ಶಿವನೇ ಹೆಚ್ಚು ಅಂತ ಹರದೇಶಿಯವರು ವಾದ ಹೂಡುತ್ತಾರೆ. ಶಕ್ತಿ ಇಲ್ಲದ ಶಿವ ಎಲ್ಲಿಯವನು ಅಂತ ನಾಗೇಶಿಯವರು ತಿರುಗಿ ಕೇಳುತ್ತಾರೆ. ಒಬ್ಬರು ಪುರಾಣದಿಂದ ಸವಾಲು ಎತ್ತಿದರೆ ಇನ್ನೊಬ್ಬರು ಪುರಾಣದಿಂದಲೇ ಜವಾಬು ತರಬೇಕು. ಸುಮ್ನೆ ‘ನನಗೆ ಹಾಗನಿಸುತ್ತೆ’ ಅಂದರೆ ನಡೆಯದು, ಆಧಾರ ಬೇಕು. ಕೂತು ಕೇಳುವವರೂ ಕಥೆ ಬಲ್ಲವರು. ವಿಮರ್ಶೆಯ ತರಗತಿ ಅಂದರೆ ಇದೇ ಅಲ್ವಾ? ಕುಲಗೋಡದ ತಮ್ಮಣ್ಣ ಬೆಳೆಸಿದ ಕೃಷ್ಣ ಪಾರಿಜಾತ ಬಯಲಾಟದಲ್ಲಂತೂ ಒಂದು ಹೂವಿನ ನೆಪದಲ್ಲಿ ದೇವರ ಸಂಸಾರವೇ ಚರ್ಚೆಗೆ ಬರುತ್ತದೆ.

ಶಾಲೆ ಬೇರೆ ದಾರಿ ಹಿಡಿಯಿತು. ಮುಂಬೈ ಪ್ರಾಂತದ ಕಾಲದಲ್ಲಿ ಇಲ್ಲಿ ಮರಾಠಿಯದೇ ಜೋರು. ಕನ್ನಡ ಶಾಲೆ ಬೇಕು ಅನ್ನುವುದಕ್ಕೇ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಶಿಕ್ಷಣ ಸಂಸ್ಥೆ ಹುಟ್ಟಿತು, 1933ರಲ್ಲಿ ಲಿಂಗರಾಜ ಕಾಲೇಜು ಬಂತು. ಭಾಷೆಯನ್ನೇ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಹಳಗನ್ನಡ ಪದ್ಯ ಬಿಡಿಸಿ ಸಾರಾಂಶ ಹೇಳುವುದೇ ದೊಡ್ಡ ಕೆಲಸ. ಅದನ್ನು ತಪ್ಪು ಅನ್ನಲಾರೆ. ಆದರೆ ನಾವು ಅಲ್ಲೇ ಕೂತುಬಿಟ್ಟೆವು.

ಅದೇ ಸುಮಾರಿಗೆ ಮೈಸೂರು ಸೀಮೆಯಲ್ಲಿ ರನ್ನನ ಬಗ್ಗೆ ಒಳ್ಳೆಯ ತಕರಾರೊಂದು ಎದ್ದಿತ್ತು: ಗದಾಯುದ್ಧದ ನಾಯಕ ಯಾರು? ಗದಾಯುದ್ಧಕ್ಕೆ ‘ಸಾಹಸಭೀಮ ವಿಜಯ’ ಅಂತ ಇನ್ನೊಂದು ಹೆಸರಿದೆ. ತನ್ನ ದೊರೆ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ರನ್ನ ಬರೆದ ಕಾವ್ಯ ಇದು. ಹಾಗಾದರೆ ನಾಯಕ ಭೀಮ, ಮಾತು ಮುಗಿಯಿತು. ಆದರೆ ಓದುತ್ತಾ ಹೋದಂತೆ ಮನಸ್ಸು ದುರ್ಯೋಧನನ ಬೆನ್ನು ಹತ್ತುತ್ತದೆ. ರಣರಂಗದಲ್ಲಿ ದ್ರೋಣ, ದುಶ್ಶಾಸನ, ಕರ್ಣರ ಹೆಣಗಳ ಮುಂದೆ ನಿಂತು ಅವನು ಮರುಗುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಶೌರ್ಯವನ್ನೂ ಹೊಗಳುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಇದನ್ನು ‘ಗದಾಯುದ್ಧ ನಾಟಕಂ’ ಆಗಿಸಿದರು. ಗ್ರೀಕ್ ರುದ್ರನಾಟಕಗಳನ್ನು ಓದಿದ ಕಣ್ಣಿನಿಂದ ದುರ್ಯೋಧನನನ್ನು ನೋಡಿದರು. ಕಾವ್ಯದ ಹೆಸರು ಒಂದು ಕಡೆ ಎಳೆಯುತ್ತದೆ, ಪದ್ಯಗಳು ಇನ್ನೊಂದು ಕಡೆ. ಹುಡುಗರಿಂದ ಪ್ರಬಂಧ ಬರೆಸಲು ಇಷ್ಟು ಸಾಕು. ಆದರೆ ಗೈಡಿಗೆ ಇಳಿಯುವಷ್ಟರಲ್ಲಿ ಅದು ಪಾತ್ರಚಿತ್ರಣವಾಗಿರುತ್ತದೆ: ಛಲವಂತ, ಸ್ನೇಹಜೀವಿ, ಅಭಿಮಾನಿ. ಸವಾಲು ಕಳೆದುಹೋಗಿ ಜವಾಬು ಮಾತ್ರ ಉಳಿದಿರುತ್ತದೆ.

ಹತ್ತನೇ ತರಗತಿಯಲ್ಲೇ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಕೂಡ ಪಾಠವಾಗಿದೆ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿ ಪಾಂಡವರ ಕಡೆಗೆ ಕರೆಯುತ್ತಾನೆ. ಕರ್ಣನಿಗೆ ಮೊದಲು ನೆನಪಾಗುವುದು ಗೆಳೆಯ. ಅಲ್ಲಿ ಗೆಳೆಯನಿಗಾಗಿ ಕರ್ಣ ಸಂಕಟಪಡುತ್ತಾನೆ, ರನ್ನನಲ್ಲಿ ಕರ್ಣನಿಗಾಗಿ ಗೆಳೆಯ. ಇಬ್ಬರು ಕವಿಗಳ ನಡುವೆ ನಾನೂರಕ್ಕೂ ಜಾಸ್ತಿ ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ಅಂತ ನಮಗೆ ಯಾರೂ ಹೇಳಲಿಲ್ಲ.

ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕುಮಾರವ್ಯಾಸನಲ್ಲಿ ಆ ಗುಟ್ಟೇ ಕೃಷ್ಣನ ಆಯುಧ. ಗದಾಯುದ್ಧದಲ್ಲಿ ಕರ್ಣನ ಹೆಣದ ಮುಂದೆ ಕೂತ ದುರ್ಯೋಧನ, ನೀನು ಯಾರ ಮಗನೆಂದು ಕುಂತಿ, ಕೃಷ್ಣ, ಸೂರ್ಯ, ಸಹದೇವ ಬಿಟ್ಟರೆ ನನಗೆ ಮಾತ್ರ ಗೊತ್ತು ಅನ್ನುತ್ತಾನೆ. ಹಾಗಾದರೆ ಯಾವಾಗಿನಿಂದ ಗೊತ್ತಿತ್ತು? ಗೊತ್ತಿದ್ದೂ ಅಣ್ಣನನ್ನು ತಮ್ಮಂದಿರ ಮೇಲೆ ಯುದ್ಧಕ್ಕೆ ಬಿಟ್ಟನೇ? ನಾಗೇಶಿ ಮೇಳದವರ ಕೈಗೆ ಈ ಸವಾಲು ಸಿಕ್ಕಿದ್ದರೆ ಬೆಳಗಿನವರೆಗೂ ಬಿಡುತ್ತಿರಲಿಲ್ಲ.