ಮೆಸೇಜಿನಲ್ಲಿ ಪದ ಮೊಟಕು: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಮೆಸೇಜಿನಲ್ಲಿ ಪದ ಮೊಟಕು ಮಾಡುವುದನ್ನು ಬರೀ ಸೋಮಾರಿತನ ಎಂದು ತಳ್ಳಿಹಾಕುವುದು ತಪ್ಪು. ಆ ರೂಢಿಯನ್ನು ಬೆಳೆಸಿದ್ದು ಹಳೆಯ ಫೋನಿನ ಎರಡು ಇಕ್ಕಟ್ಟುಗಳು: ಕೀಲಿ ಮತ್ತು ಜಾಗ.

ಮೊದಲು ಕೀಲಿ. ಅಂಕಿ ಕೀಪ್ಯಾಡಿನಲ್ಲಿ ಪಿ, ಕ್ಯೂ, ಆರ್, ಎಸ್ ನಾಲ್ಕೂ 7ರ ಗುಂಡಿಯಲ್ಲಿದ್ದವು. ಎಸ್ ಬೇಕೆಂದರೆ ನಾಲ್ಕು ಸಲ ಒತ್ತಬೇಕು. ಇಂಗ್ಲಿಷಿನ ‘ಪ್ಲೀಸ್’ ಪೂರ್ತಿ ಬರೆಯಲು 13 ಸಲ ಒತ್ತಬೇಕು, ಸ್ವರ ಬಿಟ್ಟು ಪಿ-ಎಲ್-ಎಸ್ ಎಂದರೆ 8 ಸಲ ಸಾಕು. ಸ್ವರ ಹೋದರೂ ವ್ಯಂಜನಗಳಿಂದ ಪದದ ಗುರುತು ಸಿಗುತ್ತದೆ.

ಕನ್ನಡ ಲಿಪಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಗುಣಿತಾಕ್ಷರದ ಸ್ವರಚಿಹ್ನೆ ತೆಗೆದರೆ ಅಲ್ಲಿ ಅಕಾರ ಬಂದು ಕೂರುತ್ತದೆ: ‘ಮೀನು’ ‘ಮನ’ವಾಗುತ್ತದೆ, ‘ಕುರಿ’ ‘ಕರ’ವಾಗುತ್ತದೆ. ಅದಕ್ಕೇ ನಾವು ಪದದ ಮೊದಲಕ್ಷರ ಹಿಡಿಯುತ್ತೇವೆ: ಕಿ.ಮೀ., ಕ.ಸಾ.ಪ., ಕ್ರಿ.ಶ.

ಇನ್ನು ಜಾಗ. ಒಂದು ಎಸ್ಸೆಮ್ಮೆಸ್ಸಿಗೆ ಸಿಗುವುದು 140 ಬೈಟ್, ಅಂದರೆ ಬೈಟಿಗೆ 8ರಂತೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಸುತ್ತವೆ. ಕನ್ನಡಕ್ಕೆ ಸಾಮಾನ್ಯವಾಗಿ 16 ಬಿಟ್ ಬೇಕು, ಹಿಡಿಸುವುದು 70. ಇಂಗ್ಲಿಷ್ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರ ಅಥವಾ ಎಮೋಜಿ ಬಂದರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಇಳಿಯುತ್ತದೆ. ಮಿತಿ ದಾಟಿದರೆ ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಮಾಹಿತಿಗೆ 6 ಬೈಟ್ ಹೋಗುವುದರಿಂದ ಪ್ರತಿ ತುಂಡಿನಲ್ಲಿ ಉಳಿಯುವುದು 67.

ಇಲ್ಲೇ ಹಲವರ ಲೆಕ್ಕ ತಪ್ಪುವುದು. ಫೋನು ಅಕ್ಷರ ಎಣಿಸುವುದಿಲ್ಲ, ಸಂಕೇತ ಎಣಿಸುತ್ತದೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಸ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈಕಾರದ ಚಿಹ್ನೆ ಸೇರಿ ಆರು. ‘ಕ್ರಿಸ್ತಶಕ’ ಒಂಬತ್ತು, ಚುಕ್ಕಿಗಳೂ ಸೇರಿದರೆ ‘ಕ್ರಿ.ಶ.’ ಏಳು. ಉಳಿತಾಯ ಎರಡೇ! ಕನ್ನಡದ ಎಸ್ಸೆಮ್ಮೆಸ್ ಚಿಕ್ಕದಾಗಬೇಕಾದರೆ ಪದ ಕತ್ತರಿಸಬೇಡಿ, ಬೇಡದ ಪದವನ್ನೇ ಬಿಡಿ.

ಇಂಟರ್ನೆಟ್ ಮೂಲಕ ಹೋಗುವ ಚಾಟ್‌ಗೆ ಈ 70ರ ಕಟ್ಟು ಇಲ್ಲ. ಅಲ್ಲಿ ಓದುವವರಿಗೆ ಗೊತ್ತಿರುವ ಮೊಟಕು ಮಾತ್ರ ಬಳಸಿ. ಗೊತ್ತಿದೆಯೋ ಇಲ್ಲವೋ ಎನಿಸಿದರೆ ಮೊದಲ ಸಲ ಪೂರ್ತಿ ಬರೆದು, ಪಕ್ಕದಲ್ಲಿ ಆವರಣದೊಳಗೆ ಮೊಟಕು ರೂಪ ಕೊಡಿ. ಆಮೇಲೆ ಅದನ್ನೇ ಬಳಸಬಹುದು.

ದಿನಾಂಕ, ಹೊತ್ತು, ಅಳತೆಗಳಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. 03/04 ಎಂದರೆ ಕೆಲವರಿಗೆ ಏಪ್ರಿಲ್ 3, ಕೆಲವರಿಗೆ ಮಾರ್ಚ್ 4. ‘ನಾಳೆ 6ಕ್ಕೆ’ ಎಂದರೆ ಬೆಳಗ್ಗೆಯೋ ಸಂಜೆಯೋ? ಔಷಧದ ಪ್ರಮಾಣದಲ್ಲಂತೂ ಇದು ಪ್ರಾಣದ ಪ್ರಶ್ನೆ. ಇನ್ಸುಲಿನ್ ಚೀಟಿಯಲ್ಲಿ ‘ಯುನಿಟ್’ ಬದಲು ಇಂಗ್ಲಿಷಿನ ಯು ಅಕ್ಷರವೊಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 10 ಯುನಿಟ್ 100 ಆಗಿಬಿಡಬಹುದು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2004ರಲ್ಲಿ ಹೊರಡಿಸಿದ ‘ಬಳಸಬಾರದ ಸಂಕ್ಷೇಪ’ಗಳ ಪಟ್ಟಿಯಲ್ಲಿ ಈ ಯು ಕೂಡ ಇದೆ, ಅದರ ಬದಲು ‘ಯುನಿಟ್’ ಎಂದು ಪೂರ್ತಿ ಬರೆಯಬೇಕು.