ಸಹಿ ಅಪ್ಪ-ಅಮ್ಮನದು, ಹೊಣೆ ಯಾರದು?

2021ರ ಆಗಸ್ಟ್‌ನಲ್ಲಿ ಮಗಳ ಶಾಲೆಯಿಂದ ಒಂದು ಕಾಗದ ಬಂತು. ಆಗ ಅವಳು ಒಂಬತ್ತನೇ ತರಗತಿ. ‘ನನ್ನ ಮಗ/ಮಗಳನ್ನು ಸ್ವಇಚ್ಛೆಯಿಂದ ಶಾಲೆಗೆ ಕಳುಹಿಸುತ್ತಿದ್ದೇನೆ’ ಅಂತ ಶುರುವಾಗುವ ಒಪ್ಪಿಗೆ ಪತ್ರ. ಅಲ್ಲಿಯವರೆಗೆ ಸರಿ, ಅದು ಸರ್ಕಾರವೇ ಕೇಳಿದ್ದು. ಆದರೆ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಕೊರೊನಾ ಸೋಂಕು ತಗುಲಿದರೆ ಆಡಳಿತ ಮಂಡಳಿ ಹೊಣೆಯಲ್ಲ ಅಂತ. ಒಂದೂವರೆ ವರ್ಷ ಮನೆಯಲ್ಲಿ ಮೊಬೈಲ್ ಹಿಡಿದು ಕೂತ ಮಗಳು ಬಾಗಿಲಲ್ಲಿ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಸಹಿ ಹಾಕಿ ಕೊಟ್ಟೆ. ವಾಟ್ಸಾಪ್ ಗುಂಪಿನಲ್ಲಿ ಗೊಣಗಿದ ಅಪ್ಪ-ಅಮ್ಮಂದಿರೂ ಮರುದಿನ ಹಾಕಿಯೇ ಕೊಟ್ಟರು.

ಆ ಸಾಲಿಗೆ ಕಾನೂನಿನಲ್ಲಿ ಏನಾದರೂ ಬೆಲೆ ಇತ್ತಾ? ಇದನ್ನು ತಿಳಿಯಬೇಕಾದರೆ ಕೊರೊನಾಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗಬೇಕು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಒಂದು ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಚಾವಣಿಯ ಹುಲ್ಲಿಗೆ ಹತ್ತಿತು. 90ಕ್ಕೂ ಹೆಚ್ಚು ಪುಟ್ಟ ಮಕ್ಕಳು ಸತ್ತರು. ಆ ದುರಂತ ಹಿಡಿದುಕೊಂಡು ಅವಿನಾಶ್ ಮೆಹ್ರೋತ್ರಾ ಎಂಬವರು ಸುಪ್ರೀಂ ಕೋರ್ಟ್‌ಗೆ ಹೋದರು. 2009ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಮಗುವಿಗೆ ಶಿಕ್ಷಣದ ಹಕ್ಕು ಇದೆ ಅಂದರೆ, ಸುರಕ್ಷಿತ ಶಾಲೆಯ ಹಕ್ಕೂ ಅದರೊಳಗೇ ಇದೆ ಎಂದಿತು ಕೋರ್ಟ್. ಅಂದರೆ ಸುರಕ್ಷತೆ ಶಾಲೆ ಕೊಡುವ ಹೆಚ್ಚುವರಿ ಸೌಲಭ್ಯ ಅಲ್ಲ. ಅದಿಲ್ಲದಿದ್ದರೆ ಶಿಕ್ಷಣವೇ ಕೊಟ್ಟ ಹಾಗಲ್ಲ. ಇಡೀ ಕಥೆಗೆ ಇದೇ ಬುನಾದಿ.

ಮರುವರ್ಷ, 2010ರ ಏಪ್ರಿಲ್ 1ರಿಂದ, ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರ ಅನುಸೂಚಿಯಲ್ಲಿ ಕುಡಿಯುವ ನೀರು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಒಬ್ಬ ಶಿಕ್ಷಕರಿಗೆ ಒಂದಾದರೂ ಕೊಠಡಿ ಎಂದೆಲ್ಲ ಬರೆದಿದೆ. ಗಾಳಿ ಬೆಳಕಿನ ಬಗ್ಗೆ, ಅಂಟುರೋಗದ ಬಗ್ಗೆ ಹೆಚ್ಚೇನೂ ಇಲ್ಲ. 2014ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಮಗುವಿನ ಮೇಲೆ ನಡೆದ ದೌರ್ಜನ್ಯದ ನಂತರ ಪೊಲೀಸರು ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟರು. ಆಮೇಲೆ ನಮ್ಮ ಊರಿನ ಖಾಸಗಿ ಶಾಲೆಗಳಲ್ಲಿ ಸುರಕ್ಷತೆ ಅಂದರೆ ಸಿಸಿಟಿವಿ ಅಂತಲೇ ಆಗಿಹೋಯಿತು. ಕಿಟಕಿ ತೆರೆಯುತ್ತಾ ಇಲ್ವಾ ಅಂತ ಯಾರೂ ನೋಡಲಿಲ್ಲ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಿಂದ ವರದಿಯಾಯಿತು. ಶಾಲೆಗಳು ಮುಚ್ಚಿದವು. ಮುಚ್ಚಿಸಿದ್ದು ಶಿಕ್ಷಣದ ಕಾನೂನಲ್ಲ, 2005ರ ವಿಪತ್ತು ನಿರ್ವಹಣಾ ಕಾಯ್ದೆ ಮತ್ತು ಮುಂಬೈ ಪ್ಲೇಗ್ ಕಾಲದಲ್ಲಿ ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗ ಕಾಯ್ದೆ. ಕರ್ನಾಟಕ ಆ ವರ್ಷವೇ ತನ್ನದೊಂದು ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೂ ಮಾಡಿಕೊಂಡಿತು. ಹೀಗೆ ಶಾಲೆಯ ಬೀಗದ ಕೈ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೈಯಿಂದ ಜಿಲ್ಲಾಧಿಕಾರಿ ಕೈಗೆ ಹೋಯಿತು.

ವಿಪತ್ತು ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ, ಸರಿಯಾದ ಕಾರಣ ಇಲ್ಲದೆ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು. ಅದರಿಂದ ಜೀವ ಹೋದರೆ ಎರಡು ವರ್ಷದವರೆಗೆ. 73ನೇ ಸೆಕ್ಷನ್ ಬೇರೆ ಮಾತು ಹೇಳುತ್ತದೆ: ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದ ಸರ್ಕಾರಿ ಅಧಿಕಾರಿ ಮೇಲೆ ಕೇಸು ಹಾಕುವಂತಿಲ್ಲ. ಅಂದರೆ ಆದೇಶ ಬರೆದವರಿಗೆ ರಕ್ಷಣೆ ಇದೆ. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರೂ ಅದರ ಕೆಳಗೆ ನಿಲ್ಲಬಹುದು. ಆದರೆ ಆದೇಶ ಪಾಲಿಸಬೇಕಾದ ಖಾಸಗಿ ಶಾಲೆಗೆ ಅಂಥ ಕೊಡೆ ಇಲ್ಲ. ಆ ಒಪ್ಪಿಗೆ ಪತ್ರದ ಕೊನೆಯ ಸಾಲು ಹುಟ್ಟಿದ್ದು ಈ ಭಯದಿಂದಲೇ ಅಂತ ನನ್ನ ಅಂದಾಜು.

ಕರ್ನಾಟಕದಲ್ಲಿ ಮೊದಲ ದೊಡ್ಡ ಪರೀಕ್ಷೆ ನಿಜವಾಗಿಯೂ ಪರೀಕ್ಷೆಯೇ. ಮಾರ್ಚ್‌ನಲ್ಲಿ ನಡೆಯಬೇಕಿದ್ದ ಎಸ್ಸೆಸ್ಸೆಲ್ಸಿ ಮುಂದೆ ಹೋಗಿತ್ತು. ಪಕ್ಕದ ತಮಿಳುನಾಡು, ತೆಲಂಗಾಣ ಹತ್ತನೇ ತರಗತಿ ಪರೀಕ್ಷೆಯನ್ನೇ ಕೈಬಿಟ್ಟವು. ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಮಾತ್ರ ನಡೆಸಿಯೇ ಸಿದ್ಧ ಎಂದರು. ಕೋರ್ಟ್‌ಗಳೂ ತಡೆಯಲಿಲ್ಲ. 2020ರ ಜೂನ್ 25ರಿಂದ ಸುಮಾರು 8.48 ಲಕ್ಷ ಮಕ್ಕಳಿಗಾಗಿ ಪರೀಕ್ಷೆ ನಡೆಯಿತು. ಬಾಗಿಲಲ್ಲಿ ಜ್ವರ ನೋಡುವ ಗನ್, ಮಾಸ್ಕ್, ಜ್ವರ ಇದ್ದವರಿಗೆ ಬೇರೆ ಕೊಠಡಿ. ಪರೀಕ್ಷೆ ಮುಗಿದ ಮೇಲೆ 32 ಮಕ್ಕಳಿಗೆ ಸೋಂಕು ಇರುವುದು ವರದಿಯಾಯಿತು. ಅವರಿಗೆ ಅದು ಪರೀಕ್ಷಾ ಕೇಂದ್ರದಲ್ಲಿ ಬಂತಾ, ಮನೆಯಲ್ಲಿ ಬಂತಾ, ಬಸ್ಸಿನಲ್ಲಿ ಬಂತಾ? ಯಾರು ಹೇಳುವುದು?

ಶಾಲೆಯ ಹೊಣೆಯ ಪ್ರಶ್ನೆ ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ಚಾವಣಿ ಕುಸಿದರೆ ಶಾಲೆಯ ತಪ್ಪು ಕಣ್ಣಿಗೆ ಕಾಣುತ್ತದೆ. ವೈರಸ್ ಎಲ್ಲಿಂದ ಹತ್ತಿತು ಅಂತ ಕೋರ್ಟ್‌ನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ಹಾಗಾಗಿ ‘ಶಾಲೆಯಿಂದಲೇ ಬಂತಾ?’ ಎನ್ನುವುದಕ್ಕಿಂತ ‘ಶಾಲೆ ಮಾಡಬೇಕಾದ್ದನ್ನು ಮಾಡಿತ್ತಾ?’ ಎನ್ನುವುದೇ ಕೆಲಸಕ್ಕೆ ಬರುವ ಪ್ರಶ್ನೆ. ಮಾಡಬೇಕಾದ್ದು ಏನು ಅಂತ ಹೇಳುವ ಕಾಗದವೇ ಎಸ್‌ಒಪಿ, ಅಂದರೆ ಪ್ರಮಾಣಿತ ಕಾರ್ಯವಿಧಾನ. ಅಲ್ಲಿಯವರೆಗೆ ಆಸ್ಪತ್ರೆ, ಕಾರ್ಖಾನೆಗಳಲ್ಲಿದ್ದ ಈ ಪದ ಆ ವರ್ಷ ಹಳ್ಳಿ ಶಾಲೆಯ ಅಡುಗೆಯವರ ಬಾಯಲ್ಲೂ ಬಂತು.

ಎಸ್‌ಒಪಿ ಬರುವ ಮೊದಲು ಎರಡು ವಿಚಿತ್ರ ನಡೆದವು. ಒಂದು, ರಾಜ್ಯ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠವನ್ನೂ ನಿಲ್ಲಿಸಿತು. ಕಣ್ಣಿಗೆ ತೊಂದರೆ, ಬಡ ಮಕ್ಕಳಿಗೆ ಫೋನ್ ಇಲ್ಲ ಎನ್ನುವ ಕಾರಣಗಳು ಸುಳ್ಳೇನೂ ಅಲ್ಲ. ಆದರೆ ಶಾಲೆಯೂ ಇಲ್ಲ, ಆನ್‌ಲೈನೂ ಇಲ್ಲ ಅಂದರೆ ಹೇಗೆ? 2020ರ ಜುಲೈ 8ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಆ ಆದೇಶಗಳಿಗೆ ತಡೆ ಕೊಟ್ಟಿತು. ಬದುಕುವ ಹಕ್ಕು, ಕಲಿಯುವ ಹಕ್ಕು ಎರಡನ್ನೂ ಬರೀ ಒಂದು ಸರ್ಕಾರಿ ಆದೇಶದಿಂದ ಕಟ್ಟಿಹಾಕಲು ಆಗಲ್ಲ ಎನ್ನುವುದು ಅದರ ಸಾರ.

ಎರಡನೆಯದು ರಾಜ್ಯ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ. ಆಗಸ್ಟ್‌ನಲ್ಲಿ ಶುರುವಾಯಿತು. ಶಾಲೆಗೆ ಬೀಗ, ಪಾಠ ಮಾತ್ರ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆ ಪಡಸಾಲೆಯಲ್ಲಿ. ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋದರು. ಯೋಚನೆ ಚೆನ್ನಾಗಿತ್ತು, ಬಯಲಿನಲ್ಲಿ ಗಾಳಿಯೂ ಜಾಸ್ತಿ. ಆದರೆ ಕಾನೂನಿನ ಕಣ್ಣಲ್ಲಿ ಅದು ಏನು? ಶಾಲೆ ಮುಚ್ಚಿದೆ ಎನ್ನುವುದಾದರೆ ಜಗಲಿಯಲ್ಲಿ ಕೂತ ಮಗುವಿಗೆ ಹೊಣೆ ಯಾರು? ನೀರು, ಶೌಚಾಲಯ ಯಾರು ಕೊಡಬೇಕು? ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ಬಂದ ಸುದ್ದಿ ಜೋರಾದಾಗ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. 2021ರ ಜನವರಿ 1ರಂದು ಮತ್ತೆ ಶುರುವಾದಾಗ ಅದು ಶಾಲೆಯ ಆವರಣದೊಳಗೇ ನಡೆಯಿತು.

ಕೇಂದ್ರದ ಎಸ್‌ಒಪಿ ಬಂದದ್ದು 2020ರ ಅಕ್ಟೋಬರ್ 5ರಂದು. ಅಕ್ಟೋಬರ್ 15ರ ನಂತರ ಹಂತ ಹಂತವಾಗಿ ಶಾಲೆ ತೆರೆಯುವುದು ರಾಜ್ಯಗಳಿಗೆ ಬಿಟ್ಟದ್ದು ಅಂತ ಗೃಹ ಇಲಾಖೆ ಅದಕ್ಕೂ ಮೊದಲೇ ಹೇಳಿತ್ತು. ಒಪ್ಪಿಗೆ ಪತ್ರ ಹುಟ್ಟಿದ್ದು ಅಲ್ಲೇ. ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಮಗು ಶಾಲೆಗೆ ಬರುವಂತಿಲ್ಲ, ಹಾಜರಾತಿಗೆ ಒತ್ತಾಯ ಮಾಡುವಂತಿಲ್ಲ, ಮನೆಯಲ್ಲೇ ಕಲಿಯುತ್ತೇನೆ ಅಂದವರಿಗೆ ಅದಕ್ಕೂ ಅವಕಾಶ ಕೊಡಬೇಕು. ಗಮನಿಸಿ, ಇದು ಪೋಷಕರಿಗೆ ಕೊಟ್ಟ ಆಯ್ಕೆ. ಶಾಲೆಗೆ ಕೊಟ್ಟ ಮಾಫಿ ಅಲ್ಲ. ಶಾಲೆಯ ಹೊಣೆ ತಪ್ಪುತ್ತದೆ ಎನ್ನುವ ಸಾಲನ್ನು ಸೇರಿಸಿಕೊಂಡದ್ದು ಕೆಲವು ಶಾಲೆಗಳೇ.

ಆ ಸಾಲಿಗೆ ಕೋರ್ಟ್‌ನಲ್ಲಿ ಎಷ್ಟು ಬಲ? ನನಗೆ ತಿಳಿದಂತೆ ತೀರಾ ಕಡಿಮೆ. ಭಾರತೀಯ ಒಪ್ಪಂದ ಕಾಯ್ದೆ 1872ರದು. ಅದರ 23ನೇ ಸೆಕ್ಷನ್ ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಒಪ್ಪಂದ ಚಲಾವಣೆ ಆಗಲ್ಲ ಎನ್ನುತ್ತದೆ. ಸುರಕ್ಷಿತ ಶಾಲೆ ಮಗುವಿನ ಮೂಲಭೂತ ಹಕ್ಕು ಅಂತ 2009ರಲ್ಲೇ ಹೇಳಿ ಆಗಿದೆ. ಆ ಹಕ್ಕು ಮಗುವಿನದು, ಅಪ್ಪನದಲ್ಲ. ನನ್ನದಲ್ಲದ್ದನ್ನು ನಾನು ಬರೆದುಕೊಡುವುದು ಹೇಗೆ? ಇನ್ನೊಂದು ಕಡೆಯಿಂದ ನೋಡಿದರೆ, ಸಹಿ ಇಲ್ಲದಿದ್ದರೂ ಎಸ್‌ಒಪಿಯನ್ನು ಶ್ರದ್ಧೆಯಿಂದ ಪಾಲಿಸಿದ ಶಾಲೆಗೆ ಅಷ್ಟೊಂದು ಹೆದರುವ ಅಗತ್ಯ ಇರಲಿಲ್ಲ. ಜ್ವರದ ರಿಜಿಸ್ಟರ್, ನೀರಿನ ಟ್ಯಾಂಕ್ ತೊಳೆದ ದಿನಾಂಕ, ಕೊಠಡಿಗೆ ಎಷ್ಟು ಮಕ್ಕಳು ಎನ್ನುವ ಲೆಕ್ಕ ಇವು ಸಹಿಗಿಂತ ದೊಡ್ಡ ರಕ್ಷಣೆ.

ಆದರೆ ಆ ಎಸ್‌ಒಪಿಯನ್ನು ಪಾಲಿಸುವುದು ಅಷ್ಟು ಸುಲಭನಾ? ಮಗುವಿಗೂ ಮಗುವಿಗೂ ನಡುವೆ 6 ಅಡಿ ಎಂದಿತ್ತು ಅದು. 20 ಅಡಿ ಉದ್ದ, 20 ಅಡಿ ಅಗಲದ ಒಂದು ಕೊಠಡಿ ತೆಗೆದುಕೊಳ್ಳಿ. ಗೋಡೆಗೆ ಒತ್ತಿ ಕೂರಿಸುತ್ತಾ ಬಂದರೂ ಒಂದು ಸಾಲಿಗೆ ನಾಲ್ವರು, ನಾಲ್ಕು ಸಾಲು, ಒಟ್ಟು 16. ಕಪ್ಪು ಹಲಗೆಗೂ ಮೇಷ್ಟ್ರಿಗೂ ಜಾಗ ಬಿಟ್ಟರೆ 12. ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕದಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳು ಎನ್ನುತ್ತದೆ. ಅಂದರೆ ಒಂದು ತರಗತಿಯನ್ನು ಮೂರು ಭಾಗ ಮಾಡಬೇಕು, ಕೊಠಡಿಯೂ ಮೂರು ಬೇಕು, ಮೇಷ್ಟ್ರೂ ಮೂವರು ಬೇಕು. ಎಲ್ಲಿಂದ ತರೋದು? ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಗುಡಿಸಲಿಕ್ಕೂ ಒಬ್ಬ ಕೆಲಸದವರಿಲ್ಲ. ಸ್ಯಾನಿಟೈಸರ್‌ಗೆ ಪಂಚಾಯಿತಿ ಕಡೆ, ದಾನಿಗಳ ಕಡೆ ನೋಡಬೇಕು. ಆದೇಶ ದೆಹಲಿಯಿಂದ ಹೊರಟು, ಬೆಂಗಳೂರಿನಲ್ಲಿ ಅನುವಾದವಾಗಿ, ಜಿಲ್ಲೆಯ ಡಿಡಿಪಿಐ, ತಾಲ್ಲೂಕಿನ ಬಿಇಒ, ಕ್ಲಸ್ಟರ್‌ನ ಸಿಆರ್‌ಪಿ ಎಂಬ ಶಿಕ್ಷಣ ಇಲಾಖೆಯ ಮೆಟ್ಟಿಲುಗಳ ಮೂಲಕ ಇಳಿದು ಮುಖ್ಯ ಶಿಕ್ಷಕರ ಮೊಬೈಲ್‌ಗೆ ಬೀಳುತ್ತಿತ್ತು. ಅಲ್ಲಿಂದ ಕೆಳಗೆ ಇಳಿಯಲು ಜಾಗವೇ ಇರಲಿಲ್ಲ.

ಮಧ್ಯಾಹ್ನದ ಊಟದ್ದು ಇನ್ನೊಂದು ಕಥೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಅದು ಹಕ್ಕು. ಶಾಲೆ ಮುಚ್ಚಿದ ಕೆಲವೇ ದಿನಕ್ಕೆ, 2020ರ ಮಾರ್ಚ್ 18ರಂದು, ಸುಪ್ರೀಂ ಕೋರ್ಟ್ ತಾನಾಗಿಯೇ ಇದನ್ನು ಕೈಗೆತ್ತಿಕೊಂಡು ರಾಜ್ಯಗಳನ್ನು ಪ್ರಶ್ನಿಸಿತು. ಇಲ್ಲಿ ಅಕ್ಕಿ-ಬೇಳೆ ಮನೆಗೆ ಕೊಟ್ಟರು. ಆದರೆ ಶಾಲೆ ತೆರೆದ ಮೇಲೂ ಬಿಸಿಯೂಟ ತಕ್ಷಣ ಬರಲಿಲ್ಲ. ಅದು ಮತ್ತೆ ಶುರುವಾದದ್ದು 2021ರ ಅಕ್ಟೋಬರ್‌ನಲ್ಲಿ. ಅಷ್ಟು ದಿನ ಮಕ್ಕಳನ್ನು ಕೂರಿಸಿ ಪಾಠ ಮಾಡಬಹುದಿತ್ತು, ಊಟ ಹಾಕಲು ಮಾತ್ರ ಆಗುತ್ತಿರಲಿಲ್ಲ. ಸೋಂಕಿನ ಭಯ ಎನ್ನುವುದನ್ನು ಒಪ್ಪಿಕೊಳ್ಳೋಣ. ಖಾಲಿ ಹೊಟ್ಟೆಯಲ್ಲಿ ಬರುವ ಮಗುವಿಗೂ ಅದು ಸುರಕ್ಷತೆಯೇ ಅಲ್ವಾ?

ತೆರೆದು ಮುಚ್ಚಿದ ದಿನಾಂಕಗಳನ್ನು ಬೇಗ ಹೇಳಿಬಿಡುತ್ತೇನೆ. 2021ರ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು. ಏಪ್ರಿಲ್‌ನಲ್ಲಿ ಎರಡನೇ ಅಲೆ, ಮತ್ತೆ ಬೀಗ. ಜುಲೈ 19 ಮತ್ತು 22ರಂದು ಎರಡೇ ದಿನದ ಎಸ್ಸೆಸ್ಸೆಲ್ಸಿ, ಬಹು ಆಯ್ಕೆ ಪ್ರಶ್ನೆಗಳು, ಕೊಠಡಿಗೆ 12 ಮಕ್ಕಳು. ಮೇಲಿನ ಲೆಕ್ಕ ನೆನಪಿದೆಯಲ್ಲ? ಡಾ. ದೇವಿ ಶೆಟ್ಟಿ ನೇತೃತ್ವದ ತಜ್ಞರ ಸಮಿತಿ ಶಾಲೆ ತೆರೆಯುವುದೇ ಒಳ್ಳೆಯದು ಎಂದಿತ್ತು. ಆಗಸ್ಟ್ 23ರಂದು, ಪಾಸಿಟಿವಿಟಿ (ಪರೀಕ್ಷೆ ಮಾಡಿಸಿದವರಲ್ಲಿ ಸೋಂಕು ಕಂಡವರ ಪ್ರಮಾಣ) ಶೇ 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿ. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಅಕ್ಟೋಬರ್ 25ಕ್ಕೆ ಒಂದರಿಂದ ಐದು. 2020ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಕ್ಕಳು ತಮ್ಮ ತರಗತಿಯಲ್ಲಿ ಮೊದಲ ಸಲ ಕೂತದ್ದು ಎರಡನೇ ತರಗತಿಯಲ್ಲಿ.

ಆ ಸೆಪ್ಟೆಂಬರ್‌ನಲ್ಲೇ ದೆಹಲಿಯ ಹನ್ನೆರಡನೇ ತರಗತಿಯ ವಿದ್ಯಾರ್ಥಿಯೊಬ್ಬ ಶಾಲೆ ತೆರೆಸಿ ಅಂತ ಸುಪ್ರೀಂ ಕೋರ್ಟ್ ಬಾಗಿಲು ಬಡಿದ. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಅರ್ಜಿ ಒಪ್ಪಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿ ಅಂತ ಕೋರ್ಟ್ ಆದೇಶ ಮಾಡುವುದಲ್ಲ, ಅದನ್ನು ಸರ್ಕಾರಗಳೇ ತೀರ್ಮಾನಿಸಬೇಕು, ಶಿಕ್ಷಣದ ಹಕ್ಕಿಗೆ ಉತ್ತರ ಕೊಡಬೇಕಾದವರೂ ಅವರೇ ಎಂದಿತು. 2009ರಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಡಿ ಅಂತ ಆದೇಶ ಮಾಡಿದ ಕೋರ್ಟ್ ಈ ಸಲ ಹಿಂದೆ ನಿಂತಿತು. ತಪ್ಪು ಅಂತ ನಾನು ಹೇಳಲಾರೆ. ವಾರಕ್ಕೊಮ್ಮೆ ಬದಲಾಗುವ ಸೋಂಕಿನ ಲೆಕ್ಕವನ್ನು ಹಿಡಿಯುವುದು ತೀರ್ಪಿನ ಕೆಲಸವಲ್ಲ.

ಹೊಣೆ ಯಾರದು ಎನ್ನುವುದಕ್ಕೆ ನೇರ ಕಾಗದ ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಮಕ್ಕಳ ಸುರಕ್ಷತೆಗೆ ಶಾಲಾ ಆಡಳಿತವನ್ನೇ ಹೊಣೆ ಮಾಡುವ ಮಾರ್ಗಸೂಚಿಯನ್ನು ಕೇಂದ್ರ ಶಿಕ್ಷಣ ಇಲಾಖೆ ಹೊರಡಿಸಿತು. ಸರ್ಕಾರಿ, ಅನುದಾನಿತ, ಖಾಸಗಿ ಮೂರಕ್ಕೂ. ತಮಾಷೆ ಅಂದರೆ ಅದರ ಬೇರು ಕೊರೊನಾದಲ್ಲಿಲ್ಲ. 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ನಡೆದ ಬಾಲಕನ ಕೊಲೆಯ ನಂತರ ಸುಪ್ರೀಂ ಕೋರ್ಟ್‌ಗೆ ಹೋದ ಅರ್ಜಿಗಳಲ್ಲಿದೆ. ನಾವು ಕೊನೆಯ ಸಾಲಿಗೆ ಸಹಿ ಹಾಕಿ ಎರಡು ತಿಂಗಳೂ ಆಗಿರಲಿಲ್ಲ.

ಒಮೈಕ್ರಾನ್ ಬಂದು 2022ರ ಜನವರಿಯಲ್ಲಿ ಬೆಂಗಳೂರಿನ ಶಾಲೆಗಳು ಇನ್ನೊಮ್ಮೆ ಮುಚ್ಚಿದವು, ತಿಂಗಳ ಕೊನೆಗೆ ತೆರೆದವು. ಫೆಬ್ರುವರಿ ಮೊದಲ ವಾರ ಕೇಂದ್ರ ತನ್ನ ಮಾರ್ಗಸೂಚಿ ತಿದ್ದಿತು. ಪೋಷಕರ ಒಪ್ಪಿಗೆ ಪತ್ರ ಬೇಕೋ ಬೇಡವೋ ರಾಜ್ಯಗಳೇ ನೋಡಿಕೊಳ್ಳಲಿ ಅಂತ. ಮೇ 16ರಂದು, ಮಾಮೂಲಿಗಿಂತ ಎರಡು ವಾರ ಮೊದಲೇ, ‘ಕಲಿಕಾ ಚೇತರಿಕೆ’ ಎಂಬ ಹೆಸರಿನೊಂದಿಗೆ ಕರ್ನಾಟಕದಲ್ಲಿ ಹೊಸ ಶಾಲಾ ವರ್ಷ ಶುರುವಾಯಿತು. ಮಗಳು ಹತ್ತನೇ ತರಗತಿಗೆ ಬಂದಿದ್ದಳು. ಆ ಸಲವೂ ಶಾಲೆಯಿಂದ ಸಹಿಗಾಗಿ ಒಂದು ಕಾಗದ ಬಂತು. ಬಿಡಿಸಿ ನೋಡಿದೆ, ಬಸ್ ಶುಲ್ಕದ್ದು.