ಕಾವಲಿನ ಕಣಗಳೇ ಕ್ಯಾನ್ಸರ್ ಹರಡಲು ನೆರವಾಗುತ್ತವೆಯೇ?

ಪ್ರಶ್ನೆ: ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್. ರೋಗನಿರೋಧಕ ಕಣಗಳೇ ಕ್ಯಾನ್ಸರ್ ಹರಡುವುದಕ್ಕೆ ಸಹಾಯ ಮಾಡುತ್ತವೆ ಎಂದು ಎಲ್ಲೋ ಓದಿದೆ. ಹಾಗಿದ್ದರೆ ಇಮ್ಯುನಿಟಿ ಹೆಚ್ಚಲಿ ಎಂದು ನಾವು ಕೊಡುತ್ತಿರುವ ಕಷಾಯ ಒಳ್ಳೆಯದೋ ಕೆಟ್ಟದ್ದೋ?

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಕಥೆ. ರೋಗನಿರೋಧಕ ಕಣಗಳಲ್ಲಿ ಹಲವು ಜಾತಿ. ಟಿ ಕಣಗಳು ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲವು. ಅವುಗಳ ಕೈ ಕಟ್ಟಿಹಾಕುವ ವ್ಯವಸ್ಥೆಯನ್ನು ಸಡಿಲಿಸಿ ಚಿಕಿತ್ಸೆ ಮಾಡಬಹುದೆಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು ಇನ್ನೊಂದು ಜಾತಿ, ಮ್ಯಾಕ್ರೋಫೇಜ್.

ಮೈಗೆ ಗಾಯವಾದರೆ ಮ್ಯಾಕ್ರೋಫೇಜ್‌ಗಳು ಅಲ್ಲಿಗೆ ಬಂದು ಸತ್ತ ಕೋಶಗಳನ್ನು ನುಂಗುತ್ತವೆ. ಜೊತೆಗೆ ಕೆಲವು ರಾಸಾಯನಿಕಗಳನ್ನು ಸ್ರವಿಸುತ್ತವೆ. ಸುತ್ತಲಿನ ಕೋಶಗಳು ಬೆಳೆದು, ಸರಿದು ಬಂದು ಗಾಯವನ್ನು ಮುಚ್ಚುವುದಕ್ಕೆ, ಹೊಸ ರಕ್ತನಾಳ ಹುಟ್ಟುವುದಕ್ಕೆ ಇವು ಬೇಕೇ ಬೇಕು. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಎಂಬ ವಿಜ್ಞಾನಿ ಕ್ಯಾನ್ಸರ್ ಗಡ್ಡೆಯನ್ನು ಮಾಯದ ಗಾಯ ಎಂದು ಕರೆದರು. ಮ್ಯಾಕ್ರೋಫೇಜ್‌ಗಳು ಅಲ್ಲಿಯೂ ಗಾಯ ಮಾಗಿಸುವ ಕೆಲಸವನ್ನೇ ಮಾಡತೊಡಗುತ್ತವೆ. ಲಾಭ ಮಾತ್ರ ಗಡ್ಡೆಗೆ.

ಇದು ಹೇಗೆ ನಡೆಯುತ್ತದೆ ಎಂಬುದು ಚೆನ್ನಾಗಿ ತಿಳಿದಿರುವುದು ಸ್ತನ ಕ್ಯಾನ್ಸರಿನಲ್ಲೇ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ತಂಡವೊಂದು 2004ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ, ಏಕೆಂದರೆ ಅದರ ಉಪಾಯ ಅಷ್ಟು ಸರಳ. ಜೀವಂತ ಇಲಿಯ ಸ್ತನದ ಗಡ್ಡೆಗೆ ಸಣ್ಣ ಸೂಜಿ ಚುಚ್ಚಿದರು. ಸೂಜಿಯೊಳಗೆ ಇಜಿಎಫ್ ಎಂಬ ರಾಸಾಯನಿಕ. ಅದರ ಆಕರ್ಷಣೆಗೆ ತೆವಳಿ ಬಂದು ಸೂಜಿಯೊಳಗೆ ಸೇರಿದ ಕೋಶಗಳನ್ನು ತೆಗೆದು ನೋಡಿದರೆ, ಸುಮಾರು ಮುಕ್ಕಾಲು ಪಾಲು ಕ್ಯಾನ್ಸರ್ ಕೋಶಗಳು, ಉಳಿದವು ಹೆಚ್ಚುಕಡಿಮೆ ಎಲ್ಲವೂ ಮ್ಯಾಕ್ರೋಫೇಜ್‌ಗಳು! ಮ್ಯಾಕ್ರೋಫೇಜ್‌ಗಳನ್ನು ಸೆಳೆಯುವ ಸಿಎಸ್‌ಎಫ್-1 ಎಂಬ ರಾಸಾಯನಿಕವನ್ನು ಸೂಜಿಗೆ ತುಂಬಿದಾಗಲೂ ಎರಡೂ ಜೋಡಿಯಾಗಿಯೇ ಬಂದವು.

ಕಾರಣ ಇಷ್ಟು: ಕ್ಯಾನ್ಸರ್ ಕೋಶ ಸಿಎಸ್‌ಎಫ್-1 ಸುರಿಸಿ ಮ್ಯಾಕ್ರೋಫೇಜನ್ನು ಹತ್ತಿರ ಕರೆಯುತ್ತದೆ. ಬಂದ ಮ್ಯಾಕ್ರೋಫೇಜ್ ಇಜಿಎಫ್ ಸ್ರವಿಸುತ್ತದೆ. ಅದು ತಾಗಿದ ಕ್ಯಾನ್ಸರ್ ಕೋಶ ಮುಂದಕ್ಕೆ ಚಾಚಿಕೊಂಡು ತೆವಳುತ್ತದೆ, ಇನ್ನಷ್ಟು ಸಿಎಸ್‌ಎಫ್-1 ಸುರಿಸುತ್ತದೆ. ಹೀಗೆ ಒಂದನ್ನೊಂದು ಕರೆದುಕೊಳ್ಳುತ್ತಾ ರಕ್ತನಾಳದ ತನಕ ಸಾಗುತ್ತವೆ. ನಾಳದ ಗೋಡೆಗೆ ಅಂಟಿ ಕೂತ ಮ್ಯಾಕ್ರೋಫೇಜ್‌ಗಳು ಅಲ್ಲಿನ ಬಿಗಿಯನ್ನು ಸಡಿಲಗೊಳಿಸುತ್ತವೆ, ಕ್ಯಾನ್ಸರ್ ಕೋಶ ಆ ಸಂದಿನಲ್ಲಿ ನುಸುಳಿ ರಕ್ತ ಸೇರುತ್ತದೆ. ಎರಡರಲ್ಲಿ ಯಾವ ಸಂಕೇತವನ್ನು ತಡೆದರೂ ಇಬ್ಬರ ನಡಿಗೆಯೂ ನಿಂತಿತು. ಇದಕ್ಕೆ ಮೊದಲೇ, 2001ರಲ್ಲಿ, ಸಿಎಸ್‌ಎಫ್-1 ಇಲ್ಲದ ಇಲಿಗಳಲ್ಲಿ ಸ್ತನದ ಗಡ್ಡೆ ಹುಟ್ಟಿದರೂ ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆ ಎಂದು ಕಂಡುಬಂದಿತ್ತು.

ರಕ್ತ ಸೇರಿದ ಮೇಲೆ ಎಲ್ಲಿ ಇಳಿಯಬೇಕೆಂಬುದಕ್ಕೂ ರಾಸಾಯನಿಕಗಳ ಕೈವಾಡವಿದೆ. ಬಿಳಿ ರಕ್ತಕಣಗಳಿಗೆ ದಾರಿ ತೋರಿಸುವ ಕೀಮೊಕೈನ್‌ಗಳು ಎಲುಬಿನ ಮಜ್ಜೆ, ದುಗ್ಧಗ್ರಂಥಿ, ಶ್ವಾಸಕೋಶ, ಯಕೃತ್ತಿನಲ್ಲಿ ಹೆಚ್ಚು. ಅವನ್ನು ಗುರುತಿಸುವ ಗ್ರಾಹಕಗಳು ಸ್ತನ ಕ್ಯಾನ್ಸರ್ ಕೋಶಗಳ ಮೇಲೂ ಇವೆ. ಸ್ತನ ಕ್ಯಾನ್ಸರ್ ಹೆಚ್ಚಾಗಿ ಹರಡುವ ಜಾಗಗಳ ಪಟ್ಟಿಯಲ್ಲಿ ಇವೂ ಇರುವುದು ಬರೀ ಕಾಕತಾಳೀಯವಲ್ಲ.

ಹಾಗಾದರೆ ಈ ರಾಸಾಯನಿಕಗಳನ್ನೇ ತಡೆದರೆ ಮುಗಿಯಿತಲ್ಲ ಎನ್ನಬಹುದು. ಅಷ್ಟು ಸುಲಭವಿಲ್ಲ. ಮ್ಯಾಕ್ರೋಫೇಜ್ ಆಗಲಿರುವ ಕಣಗಳನ್ನು ಗಡ್ಡೆಯತ್ತ ಸೆಳೆಯುವ ಸಿಸಿಎಲ್2 ಎಂಬ ಕೀಮೊಕೈನನ್ನು ಇಲಿಗಳಲ್ಲಿ ತಡೆದಾಗ ಕ್ಯಾನ್ಸರ್ ಹರಡುವುದು ತಗ್ಗಿತು. ಆದರೆ ಮದ್ದು ನಿಲ್ಲಿಸಿದ್ದೇ ತಡ, ಮಜ್ಜೆಯಲ್ಲಿ ತಡೆಹಿಡಿದಿದ್ದ ಕಣಗಳು ಒಮ್ಮೆಲೇ ಹೊರಬಂದು ಕ್ಯಾನ್ಸರ್ ಮೊದಲಿಗಿಂತ ವೇಗವಾಗಿ ಹರಡಿತು. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಸಂಶೋಧಕರನ್ನೇ ಬೆಚ್ಚಿಬೀಳಿಸಿತು. ಸಿಎಸ್‌ಎಫ್-1ರ ಗ್ರಾಹಕವನ್ನು ತಡೆಯುವ ಪೆಕ್ಸಿಡಾರ್ಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಕೀಲುಗಳ ಸುತ್ತ ಬೆಳೆಯುವ ಒಂದು ವಿರಳ ಗಡ್ಡೆಗೆ, ಸ್ತನ ಕ್ಯಾನ್ಸರಿಗಲ್ಲ.

ಇನ್ನು ಕಷಾಯ. ಇಮ್ಯುನಿಟಿ ಎಂಬುದು ಲೋಟದ ಹಾಲಿನಂತೆ ಒಂದೇ ಅಳತೆಯಲ್ಲಿ ಏರುವ, ಇಳಿಯುವ ವಸ್ತುವಲ್ಲ. ಹೆಚ್ಚಿಸುವುದಾದರೂ ಯಾವ ಕಣವನ್ನು, ಎಲ್ಲಿ? ಪೊಟ್ಟಣದ ಮೇಲೆ ಅದನ್ನು ಬರೆದಿರುವುದಿಲ್ಲ. ಮನೆಯ ಶುಂಠಿ ಮೆಣಸಿನ ಕಷಾಯ ಒಂದೆರಡು ಗುಟುಕು ಕುಡಿದರೆ ಕ್ಯಾನ್ಸರ್ ಹರಡುತ್ತದೆಂದು ಹೆದರಬೇಕಿಲ್ಲ, ಅದರಿಂದ ವಾಸಿಯಾಗುತ್ತದೆಂದು ನಂಬುವುದೂ ಬೇಡ. ನನ್ನ ಚಿಂತೆ ಬೇರೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು 2021ರಲ್ಲಿ ಮುಂಬೈನಿಂದ ವರದಿಯಾಗಿವೆ. ಕಿಮೊ ಔಷಧಿಗಳಲ್ಲಿ ಹಲವನ್ನು ಸಂಭಾಳಿಸಬೇಕಾದದ್ದೂ ಅದೇ ಯಕೃತ್ತು. ಅತ್ತೆಯವರಿಗೆ ಕೊಡುತ್ತಿರುವ ಪುಡಿ, ಬೇರು, ಮಾತ್ರೆ ಏನೇ ಇರಲಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನೇ ಕೊಂಡೊಯ್ದು ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಬೈದಾರು ಎಂದು ಮುಚ್ಚಿಡಬೇಡಿ.